ಕತೆ ಹೇಳಿದ ಇನ್‌ಸ್ಪೆಕ್ಟರು

ಶಾಲೆಗೆ ಇನ್‌ಸ್ಪೆಕ್ಟರು ಬರುವರೆಂಬ ಸುದ್ದಿ ಹಬ್ಬಿತೆಂದರೆ ಹಿಂದಿನ ಕಾಲದ ಉಪಾಧ್ಯಾಯರಿಗೆ ಎದೆ ನಡುಗುತ್ತಿತ್ತು. ಬೆದರಿದ ಮಕ್ಕಳಿಗೆ ಬಲ್ಲ ಪಾಠವೂ ಮರೆತುಹೋಗುತ್ತಿತ್ತು. ಆದರೆ ದಕ್ಷಿಣ ಕನ್ನಡದ ಶಾಲೆಗಳಿಗೆ ಒಬ್ಬರು ಬರುತ್ತಿದ್ದರು. ತಪಾಸಣೆಯನ್ನು ಬದಿಗಿಟ್ಟು ಮಕ್ಕಳ ನಡುವೆ ನಿಂತು ಹಾಡುವರು, ಕುಣಿಯುವರು, ಕತೆ ಹೇಳುವರು. ಅವರೇ ಪಂಜೆ ಮಂಗೇಶರಾಯರು.

1874ರಲ್ಲಿ ಬಂಟವಾಳದಲ್ಲಿ ಜನಿಸಿದ ರಾಯರ ಮನೆಮಾತು ಕೊಂಕಣಿ. ಈ ಸಂಗತಿ ಸಣ್ಣದಲ್ಲ. ಮೈಸೂರಿನ ಬಹುಪಾಲು ಮಕ್ಕಳು ಅಜ್ಜಿಯ ಬಾಯಿಂದ ಕೇಳಿದ ನುಡಿಯನ್ನೇ ಶಾಲೆಯಲ್ಲಿಯೂ ಕೇಳುತ್ತಾರೆ. ಕರಾವಳಿಯಲ್ಲಿ ಹಾಗಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಮಗುವಿಗೆ ಕನ್ನಡವೆಂದರೆ ಅಂದು ಪುಸ್ತಕ, ಬೆತ್ತ, ಬಾಯಿಪಾಠ. ಅಲ್ಲಿ ಕತೆಯು ಸೋಲುವುದೆಂದರೆ ಒಂದು ಭಾಷೆಯೇ ಮಗುವಿಗೆ ಪರಕೀಯವಾಗಿ ಉಳಿಯುವುದೆಂದು ಅರ್ಥ. ರಾಯರು ಇದನ್ನು ಸ್ವಾನುಭವದಿಂದಲೇ ಅರಿತಿದ್ದಿರಬೇಕು.

‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಅವರ ಕತೆಯನ್ನೇ ನೋಡಬಹುದು. ಒಣಗದ ಸಿಗಡಿಯಿಂದ ಹೊರಟ ಪ್ರಶ್ನೆ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಪ್ರತಿಯೊಬ್ಬರೂ ತಪ್ಪನ್ನು ಮುಂದಿನವರ ತಲೆಗೆ ಕಟ್ಟುತ್ತಾರೆ. ಎರಡು ಸುತ್ತು ಕೇಳುವಷ್ಟರಲ್ಲಿ ಮುಂದಿನ ಪ್ರಶ್ನೆ ಏನೆಂಬುದು ಮಗುವಿಗೆ ಹೊಳೆದಿರುತ್ತದೆ. ಅದು ತಾನೇ ಕೇಳತೊಡಗುತ್ತದೆ. ವ್ಯಾಕರಣದ ಗೊಡವೆಯಿಲ್ಲದೆ ಕನ್ನಡದ ವಾಕ್ಯ ನಾಲಗೆಗೆ ಹತ್ತುವ ಬಗೆ ಇದು. ತುಳುನಾಡಿನ ಪಾಡ್ದನದ ವೀರರಾದ ಕೋಟಿ ಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದು, ಮನೆಯ ಕತೆಗೂ ಶಾಲೆಯ ನುಡಿಗೂ ನಂಟು ಬೆಸೆದವರೂ ಅವರೇ.

ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸಿದುದು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದುದು, ಕೊಡವರಿಗೆ ‘ಹುತ್ತರಿ ಹಾಡು’ ಕೊಟ್ಟುದು ಎಲ್ಲರೂ ಬಲ್ಲ ಸಂಗತಿ. ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. 1900ರಲ್ಲಿಯೇ ‘ನನ್ನ ಚಿಕ್ಕತಾಯಿ’ ಬರೆದು ಸಣ್ಣಕತೆಗೆ ದಾರಿ ತೆರೆದ ಈ ಹಿರಿಯರು ಇಟ್ಟುಕೊಂಡ ಹೆಸರು ‘ಕವಿಶಿಷ್ಯ’. ಈ ವಿನಯವೇ ಅವರಿಗೆ ಸ್ವಲ್ಪ ಮುಳುವಾಯಿತೆಂದು ನನಗೆ ತೋರುತ್ತದೆ: ಮಕ್ಕಳಿಗೆ ಬರೆದವರೆಂದು ವಿಮರ್ಶಕರು ಅವರನ್ನು ಬೇಗ ದಾಟಿಹೋದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಸಂದುದು ಸಮಾಧಾನದ ಮಾತು.

1937ರ ಅಕ್ಟೋಬರಿನಲ್ಲಿ ರಾಯರು ಹೈದರಾಬಾದಿನಲ್ಲಿ ತೀರಿಕೊಂಡರು. ಕತೆಗಳು ಅಚ್ಚಿನಲ್ಲಿ ಉಳಿದಿವೆ. ಆ ದನಿ, ಆ ಕೈಸನ್ನೆ, ಸಿಗಡಿಯ ಮುಂದೆ ನಿಂತು ಹುಬ್ಬೇರಿಸುವ ಆ ಮುಖ ಅಚ್ಚಿಗೆ ಸಿಕ್ಕಲಿಲ್ಲ. ಪುಸ್ತಕ ಹಿಡಿದ ಉಪಾಧ್ಯಾಯರೇ ಅವನ್ನು ತುಂಬಿಕೊಳ್ಳಬೇಕು.