ಬಸಿರು ಅಂದುಕೊಂಡಿದ್ದು ಗೆಡ್ಡೆ: ಹೊಟ್ಟೆ ಕೊಯ್ದು ಜೀವ ಉಳಿಸಿದ ಡಾ. ಎಫ್ರೇಮ್ ಮ್ಯಾಕ್‌ಡವೆಲ್

ಅಂಡಾಶಯದ ಗೆಡ್ಡೆ ಆಪರೇಷನ್ ಇವತ್ತು ಜಿಲ್ಲಾ ಕೇಂದ್ರದ ಆಸ್ಪತ್ರೆಗಳಲ್ಲೇ ಆಗುತ್ತದೆ. ಸ್ಕ್ಯಾನ್ ಮಾಡ್ತಾರೆ, ಅನಸ್ತೇಶಿಯಾ ಕೊಡ್ತಾರೆ, ಗೆಡ್ಡೆ ತೆಗೀತಾರೆ. ಕೆಲವು ದಿನಕ್ಕೆ ಹೆಂಗಸು ಮನೆಗೆ ವಾಪಸ್. ಆದರೆ ಇನ್ನೂರು ವರ್ಷದ ಹಿಂದೆ ಹೊಟ್ಟೆ ತೆರೆಯುವುದು ಅಂದರೆ ಸಾವು ಅಂತಲೇ ಲೆಕ್ಕ. ಆ ಲೆಕ್ಕ ತಪ್ಪು ಅಂತ ಮೊದಲು ತೋರಿಸಿಕೊಟ್ಟವರು ದೊಡ್ಡ ನಗರದ ಪ್ರೊಫೆಸರ್ ಅಲ್ಲ, ಅಮೆರಿಕದ ಕೆಂಟಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಸಣ್ಣ ಊರಿನ ಡಾಕ್ಟರ್. ಹೆಸರು ಎಫ್ರೇಮ್ ಮ್ಯಾಕ್‌ಡವೆಲ್.

ಡಿಗ್ರಿ ಇಲ್ಲದ ಡಾಕ್ಟರ್

ಮ್ಯಾಕ್‌ಡವೆಲ್ ಹುಟ್ಟಿದ್ದು 1771ರ ನವೆಂಬರ್ 11ರಂದು, ವರ್ಜೀನಿಯಾದಲ್ಲಿ. ತಂದೆ ಸ್ಯಾಮ್ಯುಯೆಲ್ ನ್ಯಾಯಾಧೀಶರು. 1784ರಲ್ಲಿ ಕುಟುಂಬ ಡ್ಯಾನ್‌ವಿಲ್‌ಗೆ ಬಂತು. ಆಗ ಅದು ಕಾಡಿನ ಅಂಚಿನಲ್ಲಿ ಹೊಸದಾಗಿ ಎದ್ದು ನಿಲ್ಲುತ್ತಿದ್ದ ಊರು.

ಹುಡುಗ ಮೊದಲು ವರ್ಜೀನಿಯಾದ ಸ್ಟಾಂಟನ್‌ನಲ್ಲಿ ಒಬ್ಬ ವೈದ್ಯರ ಕೈಕೆಳಗೆ ಕೆಲಸ ಕಲಿತ. ಆಮೇಲೆ 1793ರಲ್ಲಿ ಹಡಗು ಹತ್ತಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಜಾನ್ ಬೆಲ್ ಎಂಬ ಹೆಸರಾಂತ ಸರ್ಜನ್ ಖಾಸಗಿಯಾಗಿ ಪಾಠ ಹೇಳುತ್ತಿದ್ದರು. ಅಂಡಾಶಯದಲ್ಲಿ ಬೆಳೆಯುವ ಗೆಡ್ಡೆಗಳ ಬಗ್ಗೆ, ಅದನ್ನು ಹಿಡಿದ ಹೆಂಗಸರ ಪಾಡಿನ ಬಗ್ಗೆ ಮ್ಯಾಕ್‌ಡವೆಲ್ ಕಿವಿಗೆ ಬಿದ್ದದ್ದು ಆ ಪಾಠಗಳಲ್ಲಿ.

ಡಿಗ್ರಿ ಮುಗಿಸದೆಯೇ 1795ರಲ್ಲಿ ಡ್ಯಾನ್‌ವಿಲ್‌ಗೆ ಮರಳಿ ಅಂಗಡಿ ಇಟ್ಟಂತೆ ವೈದ್ಯಕೀಯ ಶುರು ಮಾಡಿದರು. ಸುತ್ತಮುತ್ತ ನೂರಾರು ಮೈಲಿಯವರೆಗೂ ಹೆಸರು ಹಬ್ಬಿತು. ಕುದುರೆ ಹತ್ತಿ ಹಳ್ಳಿ ಹಳ್ಳಿಗೆ ಹೋಗಿ ರೋಗಿ ನೋಡುವುದೇ ದಿನಚರಿ. 1802ರಲ್ಲಿ ಕೆಂಟಕಿಯ ಮೊದಲ ಗವರ್ನರ್ ಐಸಾಕ್ ಶೆಲ್ಬಿಯವರ ಮಗಳು ಸಾರಾ ಜೊತೆ ಮದುವೆಯಾಯಿತು.

ಅವಳಿ ಮಕ್ಕಳು ಅಂದರು ಎಲ್ಲರೂ

1809ರ ಡಿಸೆಂಬರ್ 13. ಡ್ಯಾನ್‌ವಿಲ್‌ನಿಂದ 60 ಮೈಲಿ, ಅಂದರೆ ಹತ್ತಿರ ಹತ್ತಿರ ನೂರು ಕಿಲೋಮೀಟರ್ ದೂರದ ಗ್ರೀನ್ ಕೌಂಟಿಯಿಂದ ಕರೆ ಬಂತು. ಜೇನ್ ಟಾಡ್ ಕ್ರಾಫರ್ಡ್ ಅಂತ ಒಬ್ಬ ತಾಯಿ, ವಯಸ್ಸು 46ರ ಆಸುಪಾಸು. ಹೊಟ್ಟೆ ವಿಪರೀತ ದಪ್ಪ ಆಗಿದೆ, ಹೆರಿಗೆ ನೋವಿನಂಥ ನೋವು ಬರ್ತಿದೆ, ಆದರೆ ಹೆರಿಗೆ ಮಾತ್ರ ಆಗ್ತಿಲ್ಲ. ನೋಡಿದ ವೈದ್ಯರು ದಿನ ತುಂಬಿದ ಬಸಿರು ಅಂತಲೇ ತಿಳಿದಿದ್ದರು. ಅವಳಿ ಮಕ್ಕಳಿರಬೇಕು ಎಂಬ ಮಾತೂ ಇತ್ತು. ಹೆರಿಗೆ ಮಾಡಿಸಲೆಂದೇ ಮ್ಯಾಕ್‌ಡವೆಲ್ ಅವರನ್ನು ಕರೆಸಿದ್ದು.

ಕುದುರೆ ಮೇಲೆ ಬಂದ ಡಾಕ್ಟರ್ ಮೊದಲು ಮಾಡಿದ ಕೆಲಸ ಯಾರ ಮಾತನ್ನೂ ನಂಬದೆ ತಾವೇ ಪರೀಕ್ಷೆ ಮಾಡಿದ್ದು. ಆಗ ಸ್ಕ್ಯಾನ್ ಇಲ್ಲ, ಎಕ್ಸ್‌ರೇ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ. ಇದ್ದದ್ದು ಎರಡು ಕೈ ಮಾತ್ರ. ಒಳಪರೀಕ್ಷೆ ಮಾಡಿದಾಗ ಗರ್ಭಕೋಶದಲ್ಲಿ ಮಗು ಇಲ್ಲ ಅನ್ನುವುದು ಗೊತ್ತಾಯಿತು. ಹೊಟ್ಟೆಯಲ್ಲಿದ್ದ ಗಂಟು ಒಂದು ಬದಿಗೆ ವಾಲಿತ್ತು, ಕೈಯಿಂದ ಒತ್ತಿದರೆ ಆ ಕಡೆ ಈ ಕಡೆ ಸರಿಯುತ್ತಿತ್ತು. ಅಂದಮೇಲೆ ಇದು ಬಸಿರಲ್ಲ, ಅಂಡಾಶಯದಲ್ಲಿ ಬೆಳೆದ ಗೆಡ್ಡೆ.

ಇಡೀ ಕಥೆಯ ಮುಖ್ಯ ಘಟ್ಟ ಇದೇ. ಕೊಯ್ದದ್ದು ಆಮೇಲಿನ ಮಾತು. ರೋಗ ಯಾವುದು ಅಂತ ಸರಿಯಾಗಿ ಗುರುತಿಸದೆ ಹೋಗಿದ್ದರೆ, ಇಲ್ಲದ ಮಗುವಿನ ಹೆರಿಗೆಗೆ ಕಾಯುತ್ತಲೇ ಆ ತಾಯಿ ಪ್ರಾಣ ಬಿಡುತ್ತಿದ್ದರು.

ಮ್ಯಾಕ್‌ಡವೆಲ್ ವಿಷಯ ಮುಚ್ಚಿಡಲಿಲ್ಲ. ಗೆಡ್ಡೆ ಹಾಗೇ ಬಿಟ್ಟರೆ ಸಾವು ಖಚಿತ, ತೆಗೆದರೂ ಬದುಕುವ ಭರವಸೆ ಇಲ್ಲ, ಇದು ಒಂದು ಪ್ರಯೋಗ ಮಾತ್ರ ಎಂದು ಬಿಡಿಸಿ ಹೇಳಿದರು. ಡ್ಯಾನ್‌ವಿಲ್‌ಗೆ ಬಂದರೆ ಪ್ರಯತ್ನ ಮಾಡುತ್ತೇನೆ ಅಂದರು. ಜೇನ್ ಒಪ್ಪಿಕೊಂಡರು.

ಕುದುರೆ ಮೇಲೆ 60 ಮೈಲಿ

ಆ ಸ್ಥಿತಿಯಲ್ಲಿ, ಡಿಸೆಂಬರ್ ಚಳಿಯಲ್ಲಿ, ಜೇನ್ ಕುದುರೆ ಹತ್ತಿದರು. ಗೆಡ್ಡೆಯ ಭಾರವನ್ನು ಜೀನಿನ ಮುಂದಿನ ಕೊಂಬಿನ ಮೇಲೆ ಊರಿಕೊಂಡು 60 ಮೈಲಿ ಪ್ರಯಾಣ. ಊರು ಮುಟ್ಟುವ ಹೊತ್ತಿಗೆ ಜೀನು ಒತ್ತಿ ಹೊಟ್ಟೆಯ ಮೇಲೆ ಕಂದುಗಟ್ಟಿತ್ತು.

ಆಪರೇಷನ್ ನಡೆದದ್ದು ಕ್ರಿಸ್‌ಮಸ್ ದಿನ ಎಂಬುದು ಅಲ್ಲಿನವರ ನಂಬಿಕೆ. ಜಾಗ ಆಸ್ಪತ್ರೆ ಅಲ್ಲ, ಡಾಕ್ಟರ ಮನೆ. ಸಹಾಯಕ್ಕೆ ಅವರ ಅಣ್ಣನ ಮಗ, ವೈದ್ಯ ಜೇಮ್ಸ್ ಮ್ಯಾಕ್‌ಡವೆಲ್ ಇದ್ದರು. ಅನಸ್ತೇಶಿಯಾ ಅನ್ನುವುದು ಬರೋದಕ್ಕೆ ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಇತ್ತು. ಗಾಯ ಕೀವಾಗದಂತೆ ತಡೆಯುವ ಔಷಧದ ವಿಚಾರವನ್ನು ಜೋಸೆಫ್ ಲಿಸ್ಟರ್ ಜಗತ್ತಿಗೆ ಹೇಳಿದ್ದು 1867ರಲ್ಲಿ. ಅಂದರೆ ಜೇನ್ ಪೂರ್ತಿ ಎಚ್ಚರವಾಗಿದ್ದರು, ಎಲ್ಲವೂ ತಿಳಿಯುತ್ತಿತ್ತು. ನೋವು ತಡೆಯಲು ಅವರು ದೇವರ ಕೀರ್ತನೆಗಳನ್ನು ಹೇಳಿಕೊಳ್ಳುತ್ತಿದ್ದರು ಅಂತ ಹೇಳುತ್ತಾರೆ.

ಹೊಟ್ಟೆಯ ಎಡಭಾಗದಲ್ಲಿ 9 ಇಂಚು ಉದ್ದಕ್ಕೆ ಕೊಯ್ದರು. ಕೊಯ್ಯುತ್ತಿದ್ದಂತೆ ಕರುಳು ಮೇಜಿನ ಮೇಲೆ ಬಂದುಬಿಟ್ಟಿತು. ಗೆಡ್ಡೆ ಎಷ್ಟು ದೊಡ್ಡದಿತ್ತು ಅಂದರೆ ಇಡಿಯಾಗಿ ಹೊರಗೆ ತೆಗೆಯುವಂತಿರಲಿಲ್ಲ. ಗರ್ಭಕೋಶದ ಹತ್ತಿರ ನಾಳಕ್ಕೆ ಬಿಗಿಯಾಗಿ ದಾರ ಕಟ್ಟಿ ರಕ್ತ ನಿಲ್ಲಿಸಿದರು. ಗೆಡ್ಡೆಯನ್ನು ಸೀಳಿ ಒಳಗಿದ್ದ ಅಂಟು ಅಂಟಾದ ಲೋಳೆಯನ್ನು ಹೊರತೆಗೆದರು. ಅದೇ 15 ಪೌಂಡ್ ತೂಗಿತು. ಆಮೇಲೆ ಚೀಲದಂಥ ಭಾಗವನ್ನು ಕತ್ತರಿಸಿದರು, ಅದು ಏಳೂವರೆ ಪೌಂಡ್. ಒಟ್ಟು ಇಪ್ಪತ್ತೆರಡೂವರೆ ಪೌಂಡ್, ನಮ್ಮ ಲೆಕ್ಕದಲ್ಲಿ 10 ಕೆ.ಜಿ. ಅಕ್ಕಿ ಚೀಲಕ್ಕಿಂತ ಸ್ವಲ್ಪ ಹೆಚ್ಚು. ಒಳಗೆ ರಕ್ತ ನಿಲ್ಲದಿರಲಿ ಅಂತ ರೋಗಿಯನ್ನು ಎಡಕ್ಕೆ ಹೊರಳಿಸಿ, ಕರುಳನ್ನು ಒಳಗಿಟ್ಟು ಹೊಲಿಗೆ ಹಾಕಿದರು. ಎಲ್ಲ ಮುಗಿದದ್ದು ಸುಮಾರು 25 ನಿಮಿಷದಲ್ಲಿ.

ಐದನೇ ದಿನ ಡಾಕ್ಟರ್ ನೋಡಲು ಹೋದರೆ ಜೇನ್ ಎದ್ದು ತಮ್ಮ ಹಾಸಿಗೆ ತಾವೇ ಸರಿಮಾಡಿಕೊಳ್ಳುತ್ತಿದ್ದರು! 25 ದಿನ ಕಳೆದ ಮೇಲೆ ಆರೋಗ್ಯವಾಗಿ ಊರಿಗೆ ಹೊರಟರು.

ಆಪರೇಷನ್ ನಡೆಯುವಾಗ ಮನೆ ಮುಂದೆ ಜನ ಸೇರಿದ್ದರು, ರೋಗಿ ಸತ್ತರೆ ಡಾಕ್ಟರನ್ನು ನೇಣಿಗೆ ಹಾಕಲು ಹಗ್ಗ ತಂದಿದ್ದರು ಅಂತ ಒಂದು ಕಥೆ ಇದೆ. ಆದರೆ ಮ್ಯಾಕ್‌ಡವೆಲ್ ಬರೆದ ವರದಿಯಲ್ಲಿ ಅಂಥದ್ದೇನೂ ಇಲ್ಲ. ಅದು ಆಮೇಲೆ ಸೇರಿಕೊಂಡ ಕಥೆ.

ನಂಬದ ದೊಡ್ಡವರು

ಇಷ್ಟು ದೊಡ್ಡ ಕೆಲಸ ಮಾಡಿದವರು ತಕ್ಷಣ ಡಂಗುರ ಹೊಡೆಯಲಿಲ್ಲ. ಇನ್ನೂ ಎರಡು ರೋಗಿಗಳಿಗೆ ಆಪರೇಷನ್ ಮಾಡಿದ ಮೇಲೆ ಮೂರೂ ಪ್ರಕರಣ ಸೇರಿಸಿ ಬರೆದರು. ಅದು ಫಿಲಡೆಲ್ಫಿಯಾದ ವೈದ್ಯ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1817ರಲ್ಲಿ. ಗುರು ಜಾನ್ ಬೆಲ್‌ಗೂ ಒಂದು ಪ್ರತಿ ಕಳಿಸಿದ್ದರು, ಆದರೆ ಬೆಲ್ ಆಗ ಕಾಯಿಲೆಯಿಂದ ಇಟಲಿಯಲ್ಲಿದ್ದರು. ಅದು ಅವರ ಕೈ ಸೇರಲೇ ಇಲ್ಲ.

ವರದಿ ತೀರಾ ಚಿಕ್ಕದು, ವಿವರ ಕಡಿಮೆ. ಹಾಗಾಗಿ ದೊಡ್ಡ ಊರಿನ ವೈದ್ಯರು ಅನುಮಾನಪಟ್ಟರು. ಲಂಡನ್ನಿನ ವೈದ್ಯ ಪತ್ರಿಕೆಯ ಸಂಪಾದಕ ಜೇಮ್ಸ್ ಜಾನ್ಸನ್ ಗೇಲಿಯನ್ನೇ ಮಾಡಿದರು. ಕಾಡಿನ ಮೂಲೆಯಲ್ಲಿ ಕೂತ ಡಾಕ್ಟರ್ ಯುರೋಪಿನವರಿಗೆ ಆಗದ್ದನ್ನು ಮಾಡೋದುಂಟೇ ಅನ್ನುವ ಧಾಟಿ ಅವರದು. ಆದರೆ ಮತ್ತಷ್ಟು ಪ್ರಕರಣಗಳ ಸುದ್ದಿ ಬಂದ ಮೇಲೆ ಅದೇ ಜಾನ್ಸನ್ ತಮ್ಮ ಪತ್ರಿಕೆಯಲ್ಲೇ ಕ್ಷಮೆ ಕೇಳಿದರು.

ಮ್ಯಾಕ್‌ಡವೆಲ್ ಬರೀ ಹೆಂಗಸರ ಕಾಯಿಲೆಗಷ್ಟೇ ಹೆಸರಾದವರಲ್ಲ. 1812ರಲ್ಲಿ ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ 17 ವರ್ಷದ ಹುಡುಗನಿಗೆ ಆಪರೇಷನ್ ಮಾಡಿದರು. ಆ ಹುಡುಗ ಜೇಮ್ಸ್ ಪೋಕ್, ಮುಂದೆ ಅಮೆರಿಕದ 11ನೇ ಅಧ್ಯಕ್ಷ. 1825ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಡಿಗ್ರಿ ಇಲ್ಲದ ಈ ಡಾಕ್ಟರಿಗೆ ಗೌರವ ಎಂ.ಡಿ. ಪದವಿ ಕೊಟ್ಟಿತು.

ಹೆಸರು ಉಳಿಯದ ಹೆಂಗಸರು

ಮ್ಯಾಕ್‌ಡವೆಲ್ ಕಥೆ ಹೇಳುವಾಗ ಬಿಡಬಾರದ ಇನ್ನೊಂದು ಮಾತಿದೆ. ಅವರ ಎರಡನೇ ಮತ್ತು ಮೂರನೇ ರೋಗಿಗಳು ಕಪ್ಪು ಹೆಂಗಸರು. ಕೆಂಟಕಿಯಲ್ಲಿ ಆಗ ಗುಲಾಮಗಿರಿ ಇತ್ತು. ಜೇನ್ ಕ್ರಾಫರ್ಡ್ ಹೆಸರು ಚರಿತ್ರೆಯಲ್ಲಿ ಉಳಿಯಿತು, ಅವರು ಒಪ್ಪಿಕೊಂಡ ಕಥೆ ಉಳಿಯಿತು. ಆ ಇಬ್ಬರ ಹೆಸರನ್ನು ವರದಿ ಹೇಳುವುದಿಲ್ಲ. ಗುಲಾಮ ಹೆಂಗಸಿನ ವಿಷಯದಲ್ಲಿ ಕಾನೂನು ಕೇಳುತ್ತಿದ್ದದ್ದು ಯಜಮಾನನ ಒಪ್ಪಿಗೆಯನ್ನು. ಎಚ್ಚರವಿದ್ದಾಗಲೇ ಹೊಟ್ಟೆ ಕೊಯ್ಯಿಸಿಕೊಂಡ ನೋವು ಮಾತ್ರ ಅವರದೂ ಅಷ್ಟೇ. ಆಪರೇಷನ್ ಮಾಡಿಸಿಕೊಂಡ ಎಲ್ಲರೂ ಬದುಕಲೂ ಇಲ್ಲ. ಈ ವಿದ್ಯೆ ಬೆಳೆದದ್ದರಲ್ಲಿ ಅವರೆಲ್ಲರ ಪಾಲೂ ಇದೆ.

1830ರ ಜೂನ್ 25ರಂದು ಮ್ಯಾಕ್‌ಡವೆಲ್ ಡ್ಯಾನ್‌ವಿಲ್‌ನಲ್ಲೇ ತೀರಿಕೊಂಡರು, ವಯಸ್ಸು 58. ಕಾರಣ ಹೊಟ್ಟೆ ನೋವು. ಅಪೆಂಡಿಸೈಟಿಸ್ ಇದ್ದಿರಬೇಕು ಎಂದು ಇವತ್ತಿನವರ ಅಂದಾಜು. ಬೇರೆಯವರ ಹೊಟ್ಟೆ ತೆರೆದು ಬದುಕಿಸಿದವರಿಗೆ ಅದೇ ಚಿಕಿತ್ಸೆ ಸಿಗುವ ಕಾಲ ಇನ್ನೂ ಬಂದಿರಲಿಲ್ಲ. ಅವರ ರೋಗಿ ಜೇನ್ ಮಾತ್ರ ಅವರಿಗಿಂತ 12 ವರ್ಷ ಹೆಚ್ಚು ಬಾಳಿ, 1842ರಲ್ಲಿ 78ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಆಪರೇಷನ್ ಆದ ಮೇಲೆ 32 ವರ್ಷ!

ಡ್ಯಾನ್‌ವಿಲ್‌ನ ಆ ಮನೆ ಈಗ ಮ್ಯೂಸಿಯಂ. ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ಕೆಂಟಕಿ ರಾಜ್ಯದ ಪರವಾಗಿ ಮ್ಯಾಕ್‌ಡವೆಲ್ ಪ್ರತಿಮೆ ಇದೆ. ಜೇನ್ ಇದ್ದ ಗ್ರೀನ್ ಕೌಂಟಿಯ ಆಸ್ಪತ್ರೆಗೆ ಜೇನ್ ಹೆಸರೇ ಇಟ್ಟಿದ್ದಾರೆ.

ಇವತ್ತಿಗೂ ಗಮನಿಸಬೇಕಾದ್ದು

ಲೋಳೆ ತುಂಬಿದ ಆ ಗೆಡ್ಡೆ ಮ್ಯೂಸಿನಸ್ ಅನ್ನುವ ಜಾತಿಯದ್ದಿರಬೇಕು ಎಂದು ಈಗಿನ ವೈದ್ಯರು ಹೇಳುತ್ತಾರೆ. ಈ ಜಾತಿಯ ಗೆಡ್ಡೆಗಳು ಹೆಚ್ಚಿನ ಪಾಲು ಕ್ಯಾನ್ಸರ್ ಅಲ್ಲ, ಆದರೆ ಸುಮ್ಮನೆ ಬಿಟ್ಟರೆ ಭಾರಿ ಗಾತ್ರಕ್ಕೆ ಬೆಳೆಯುತ್ತವೆ. ಅಂಡಾಶಯದ ಗೆಡ್ಡೆ ಎಷ್ಟೋ ದಿನ ನೋವೇ ಕೊಡದೆ ಬೆಳೆಯಬಹುದು. ಗ್ಯಾಸ್ ಇರಬೇಕು, ಬೊಜ್ಜು ಬಂದಿರಬೇಕು, ವಯಸ್ಸಾಯ್ತಲ್ಲ ಅಂತ ಮನೆಯವರು ಅಂದುಕೊಳ್ಳೋದು, ನಾಚಿಕೆಗೆ ಹೆಂಗಸರು ಬಾಯಿ ಬಿಡದಿರೋದು ಇವತ್ತೂ ಇದೆ.

ವಾರಗಟ್ಟಲೆ ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು. ಇವು ಯಾವುದನ್ನೂ ತಾನಾಗೇ ಹೋಗುತ್ತೆ ಅಂತ ಬಿಡುವಂತಿಲ್ಲ. ಹೊಟ್ಟೆಯ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ ಬಂದರೆ ಗೆಡ್ಡೆ ತಿರುಚಿಕೊಂಡಿರಬಹುದು, ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಲ್ಲ ಗೆಡ್ಡೆಯೂ ಕ್ಯಾನ್ಸರ್ ಅಲ್ಲ, ಎಲ್ಲದಕ್ಕೂ ಆಪರೇಷನ್ ಬೇಕಾಗುವುದೂ ಇಲ್ಲ. ಯಾವುದು ಏನು ಅಂತ ಹೇಳೋದು ಸ್ತ್ರೀರೋಗ ತಜ್ಞರ ಪರೀಕ್ಷೆ ಮತ್ತು ಸ್ಕ್ಯಾನ್. ಅನುಮಾನ ಇದ್ದರೆ ರಕ್ತ ಪರೀಕ್ಷೆ, ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ, ತೆಗೆದ ಗೆಡ್ಡೆಯನ್ನು ಲ್ಯಾಬಿಗೆ ಕಳಿಸುತ್ತಾರೆ. ಆ ಲ್ಯಾಬ್ ರಿಪೋರ್ಟ್ ಬಂದ ಮೇಲೆ ಅದನ್ನು ತಪ್ಪದೆ ಡಾಕ್ಟರಿಗೆ ತೋರಿಸಿ, ಮುಂದೇನು ಅಂತ ಕೇಳಿ ತಿಳಿದುಕೊಳ್ಳಬೇಕು.

ಜೇನ್ ಕ್ರಾಫರ್ಡ್ 60 ಮೈಲಿ ಕುದುರೆ ಮೇಲೆ ಹೋದದ್ದು ಬೇರೆ ದಾರಿ ಇಲ್ಲದ್ದಕ್ಕೆ. ಈಗ ಅಷ್ಟು ದೂರ ಹೋಗಬೇಕಿಲ್ಲ, ಅಷ್ಟು ಕಾಯಲೂಬೇಕಿಲ್ಲ.