ರಾಜನ ಹಲ್ಲು ನೀಲಿಯಾಗಿತ್ತೆ? ಬ್ಲೂಟೂತ್‌ಗೆ ಹೆಸರು ಕೊಟ್ಟ ಹರಾಲ್ಡ್‌ನ ನಿಜ ಕಥೆ

ಡೆನ್ಮಾರ್ಕಿನ ರಾಜನೊಬ್ಬ ಬ್ಲೂಬೆರಿ ಹಣ್ಣು ತಿಂದು ತಿಂದು ಹಲ್ಲು ನೀಲಿ ಮಾಡಿಕೊಂಡಿದ್ದ, ಬ್ಲೂಟೂತ್ ಎಂಬ ಹೆಸರು ಅವನಿಂದಲೇ ಬಂತು ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ರಾಜ ನಿಜ, ಹೆಸರಿನ ನಂಟೂ ನಿಜ. ಹಣ್ಣಿನ ಕಥೆಗೆ ಮಾತ್ರ ಆಧಾರವಿಲ್ಲ.

ಹರಾಲ್ಡ್ 10ನೇ ಶತಮಾನದವನು. ತಂದೆ ಗೋರ್ಮ್, ತಾಯಿ ಥೈರಾ. ಯೆಲ್ಲಿಂಗ್ ಎಂಬಲ್ಲಿರುವ ಸಮಾಧಿ ದಿಬ್ಬದ ಮರದ ತೊಲೆಗಳ ಉಂಗುರಗಳನ್ನು ಎಣಿಸಿದಾಗ, ಆ ಮರಗಳನ್ನು 958ರಲ್ಲಿ ಕಡಿದದ್ದು ಎಂದು ಗೊತ್ತಾಗಿದೆ. ಗೋರ್ಮ್ ತೀರಿಕೊಂಡು ಹರಾಲ್ಡ್ ಪಟ್ಟಕ್ಕೆ ಬಂದದ್ದು ಆ ಹೊತ್ತಿಗೇ ಇರಬೇಕು ಎನ್ನುವುದು ಸಾಮಾನ್ಯ ಅಂದಾಜು.

ದಕ್ಷಿಣದಲ್ಲಿ ಬಲಿಷ್ಠ ಜರ್ಮನ್ ಸಾಮ್ರಾಜ್ಯವಿತ್ತು. ಅದರ ದೊರೆಗಳು ಕ್ರೈಸ್ತರು. 960ರ ದಶಕದಲ್ಲಿ ಹರಾಲ್ಡ್ ಕೂಡ ಕ್ರೈಸ್ತನಾದ. ತಂದೆ ತಾಯಿಯ ನೆನಪಿಗೆ ಯೆಲ್ಲಿಂಗ್‌ನಲ್ಲಿ ದೊಡ್ಡ ಕಲ್ಲು ನಿಲ್ಲಿಸಿ, ಇಡೀ ಡೆನ್ಮಾರ್ಕ್ ಮತ್ತು ನಾರ್ವೆಯನ್ನು ಗೆದ್ದವನು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನೇ ಎಂದು ರೂನ್ ಲಿಪಿಯಲ್ಲಿ ಕೆತ್ತಿಸಿದ. ಆ ಕಲ್ಲು ಇಂದಿಗೂ ಅಲ್ಲೇ ಇದೆ.

ಸುಮಾರು 980ರಲ್ಲಿ ಅವನು ವೃತ್ತಾಕಾರದ ಕೋಟೆಗಳನ್ನೂ, ರಾವ್ನಿಂಗ್ ಬಳಿ ಸುಮಾರು 760 ಮೀಟರ್ ಉದ್ದದ ಮರದ ಸೇತುವೆಯನ್ನೂ ಕಟ್ಟಿಸಿದ. ಆದರೆ ಒಗ್ಗೂಡಿಸಿದ್ದು ಕೈಯಲ್ಲಿ ಉಳಿಯಲಿಲ್ಲ. ನಾರ್ವೆಯ ಮೇಲಿನ ಹಿಡಿತ ಜಾರಿತು. ಕೊನೆಗೆ ಸ್ವಂತ ಮಗ ಸ್ವೇನ್ ದಂಗೆಯೆದ್ದ. ಹರಾಲ್ಡ್ ದೇಶ ಬಿಟ್ಟು ಓಡಿ, ಸುಮಾರು 986ರಲ್ಲಿ ತೀರಿಕೊಂಡ.

ಹಲ್ಲಿನ ಅಡ್ಡಹೆಸರು ಬರಹದಲ್ಲಿ ಮೊದಲು ಸಿಗುವುದು ಅವನು ಸತ್ತು ಸುಮಾರು 150 ವರ್ಷಗಳ ನಂತರ. ಹಳೆಯ ಭಾಷೆಯಲ್ಲಿ ಆ ಬಣ್ಣದ ಪದಕ್ಕೆ ಕಪ್ಪು ಎಂಬ ಅರ್ಥವೂ ಇದ್ದುದರಿಂದ, ಒಂದು ಹಲ್ಲು ಸತ್ತು ಕಪ್ಪಾಗಿರಬಹುದು ಎನ್ನುವುದು ಒಂದು ಊಹೆ.

ಹಾಗಾದರೆ ಈ ಹೆಸರು ಫೋನಿಗೆ ಹೇಗೆ ಬಂತು? 1990ರ ದಶಕದಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ ಕಂಪನಿಗಳು ಕಡಿಮೆ ವಿದ್ಯುತ್ತಿನಲ್ಲಿ ಹತ್ತಿರದ ಸಾಧನಗಳನ್ನು ಜೋಡಿಸುವ ರೇಡಿಯೋವನ್ನು ಪ್ರತ್ಯೇಕವಾಗಿ ರೂಪಿಸುತ್ತಿದ್ದವು. ಹೀಗೇ ಮುಂದುವರಿದಿದ್ದರೆ ಒಂದು ಕಂಪನಿಯ ಇಯರ್‌ಫೋನ್ ಇನ್ನೊಂದರ ಫೋನಿಗೆ ಕೂಡುತ್ತಿರಲಿಲ್ಲ. ಎಲ್ಲರಿಗೂ ಒಂದೇ ನಿಯಮ ಬೇಕೆಂದು ಅವು ಒಟ್ಟಿಗೆ ಕೂತಾಗ, ಇಂಟೆಲ್‌ನ ಜಿಮ್ ಕಾರ್ಡಾಕ್ 1997ರಲ್ಲಿ ಒಗ್ಗೂಡಿಸಿದ ರಾಜನ ಹೆಸರನ್ನು ಸೂಚಿಸಿದರು. ಅದು ತಾತ್ಕಾಲಿಕ ಹೆಸರಾಗಿತ್ತು. ಬೇರೆ ಹೆಸರುಗಳಿಗೆ ಟ್ರೇಡ್‌ಮಾರ್ಕ್ ತೊಡಕಾಗಿ ಇದೇ ಉಳಿಯಿತು. ಲೋಗೋ ಕೂಡ ಹರಾಲ್ಡ್‌ನ ಹೆಸರಿನ ಮೊದಲಕ್ಷರಗಳಾದ ಎರಡು ರೂನ್‌ಗಳ ಜೋಡಣೆ.

ಪೈಪೋಟಿ ಆಮೇಲೂ ಇತ್ತು. ಹೋಮ್‌ಆರ್‌ಎಫ್ ಎಂಬ ಮಾನದಂಡದ ಗುಂಪು 2003ರಲ್ಲಿ ಮುಚ್ಚಿತು. ಇನ್ನೂ ಕಡಿಮೆ ಬ್ಯಾಟರಿ ಬಳಸುವ ವೈಬ್ರೀ ಎಂಬುದನ್ನು ನೋಕಿಯಾ 2006ರಲ್ಲಿ ತಂದಿತು. ಅದು ಪ್ರತಿಸ್ಪರ್ಧಿಯಾಗಿ ಉಳಿಯದೆ, 2010ರ ಬ್ಲೂಟೂತ್ 4.0ರಲ್ಲಿ ಸೇರಿಹೋಯಿತು. ಇಂದು ಸ್ಮಾರ್ಟ್‌ವಾಚ್ ಸಣ್ಣ ಬ್ಯಾಟರಿಯಲ್ಲೇ ದಿನಗಟ್ಟಲೆ ಫೋನಿನೊಂದಿಗೆ ಸಂಪರ್ಕದಲ್ಲಿರುವುದಕ್ಕೆ ಇದೂ ಕಾರಣ.

ಮುಂದಿನ ಸಲ ಆ ಸಂದೇಶ ಬಂದರೆ, ಹಣ್ಣಿನ ಸಾಲು ತೆಗೆದು ಕಳಿಸಿ. ಹೆಸರು ಇಟ್ಟದ್ದು ಹಲ್ಲಿನ ಬಣ್ಣ ನೋಡಿ ಅಲ್ಲ, ಬೇರೆಬೇರೆ ಇದ್ದವರನ್ನು ಒಂದಾಗಿಸಿದ ನೆನಪಿಗೆ ಎಂದು ನಾವು ಕಂಡುಕೊಂಡಿದ್ದೇವೆ.