ಫ್ಯೂಯೆಲ್ ಗೇಜ್ ಇಲ್ಲದ ಕಾರು, ಬರ್ತಾ ಬೆಂಜ್ ಮತ್ತು ನೂರು ಕಿಲೋಮೀಟರ್

ಕಾರಿನ ಫ್ಯೂಯೆಲ್ ಗೇಜ್‌ನಲ್ಲಿ ಪೆಟ್ರೋಲ್ ಪಂಪಿನ ಪುಟ್ಟ ಚಿತ್ರ ಇರುತ್ತಲ್ಲ, ಅದರ ಪಕ್ಕದಲ್ಲಿ ಒಂದು ಸಣ್ಣ ಬಾಣ ಇರೋದನ್ನ ಗಮನಿಸಿದ್ದೀರಾ? ಈಗಿನ ಬಹಳಷ್ಟು ಕಾರುಗಳಲ್ಲಿ ಇದೆ. ಟ್ಯಾಂಕಿನ ಮುಚ್ಚಳ ಎಡಗಡೆ ಇದೆಯಾ, ಬಲಗಡೆ ಇದೆಯಾ ಅಂತ ಅದು ಹೇಳುತ್ತೆ. ಬಂಕಿನಲ್ಲಿ ಯಾವ ಕಡೆ ನಿಲ್ಲಿಸಬೇಕು ಅಂತ ತಲೆ ಕೆಡಿಸ್ಕೊಳ್ಳೋದೇ ಬೇಡ. ಪೆಟ್ರೋಲ್ ಕಡಿಮೆಯಾದ್ರೆ ಲೈಟ್ ಹತ್ತುತ್ತೆ. ಕೆಲವು ಕಾರುಗಳು ಇನ್ನೆಷ್ಟು ಕಿಲೋಮೀಟರ್ ಹೋಗಬಹುದು ಅಂತಲೂ ಲೆಕ್ಕ ಹಾಕಿ ತೋರಿಸ್ತವೆ.

ಇದ್ಯಾವುದೂ ಇಲ್ಲದ ಕಾಲವನ್ನ ಈಗ ಕಲ್ಪಿಸ್ಕೊಳ್ಳಿ. ಗೇಜ್ ಇಲ್ಲ, ಲೈಟ್ ಇಲ್ಲ, ದಾರಿಯಲ್ಲಿ ಒಂದೇ ಒಂದು ಬಂಕ್ ಇಲ್ಲ. ಯಾಕಂದ್ರೆ ಇಡೀ ಪ್ರಪಂಚದಲ್ಲೇ ಆಗ ಬಂಕ್ ಇರಲಿಲ್ಲ. ಅಂಥ ದಿನಗಳಲ್ಲಿ, 1888ರ ಆಗಸ್ಟ್‌ನಲ್ಲಿ, ಜರ್ಮನಿಯ ಒಬ್ಬ ಹೆಂಗಸು ತನ್ನ ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರು ತಗೊಂಡು ಹೋದರು. ಅವರ ಹೆಸರು ಬರ್ತಾ ಬೆಂಜ್. ಬೆಂಜ್ ಅಂದ ತಕ್ಷಣ ನಮಗೆಲ್ಲ ಕಾರಿನ ಹೆಸರೇ ನೆನಪಾಗುತ್ತೆ. ಆ ಹೆಸರಿನ ಹಿಂದಿದ್ದ ಇಬ್ಬರಲ್ಲಿ ಒಬ್ಬರ ಕಥೆ ಇದು.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಬಾಡೆನ್ ಸೀಮೆಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ತಂದೆಗೆ ಮರಗೆಲಸ, ಕಟ್ಟಡದ ಕೆಲಸ. ಅನುಕೂಲಸ್ಥ ಕುಟುಂಬ. ಮನೆಯ ಬೈಬಲ್‌ನಲ್ಲಿ ಮಕ್ಕಳು ಹುಟ್ಟಿದ ದಿನ ಬರೆದಿಡುವ ರೂಢಿ ಇತ್ತು. ಬರ್ತಾ ಹುಟ್ಟಿದ ದಿನ, ಮತ್ತೆ ಹೆಣ್ಣೇ ಆಯ್ತಲ್ಲ ಅನ್ನೋ ಬೇಸರವೂ ಅಲ್ಲಿ ಸೇರಿಕೊಂಡಿತ್ತಂತೆ. ದೊಡ್ಡವಳಾಗ್ತಾ ಆ ಸಾಲನ್ನ ಅವರು ಓದಿ ನೊಂದುಕೊಂಡರು ಅಂತ ಹೇಳ್ತಾರೆ. ಶಾಲೆಗೇನೋ ಹೋದರು, ಆದರೆ ಅಲ್ಲಿಂದ ಮುಂದೆ ದಾರಿ ಇರಲಿಲ್ಲ. ಬಾಡೆನ್‌ನ ಯೂನಿವರ್ಸಿಟಿಗಳು ಹೆಣ್ಣುಮಕ್ಕಳನ್ನ ಪೂರ್ಣ ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳೋಕೆ ಶುರು ಮಾಡಿದ್ದೇ 1900ರಲ್ಲಿ. ಜರ್ಮನಿಯಲ್ಲಿ ಅದೇ ಮೊದಲು. ಆ ಹೊತ್ತಿಗೆ ಬರ್ತಾ ಅವರಿಗೆ 51 ವರ್ಷ ಆಗಿತ್ತು.

ಕಾರ್ಲ್ ಬೆಂಜ್ ಅವರದ್ದು ಬೇರೆ ದಾರಿ. ಬಡತನದಲ್ಲಿ ಬೆಳೆದರೂ ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, 1864ರಲ್ಲಿ ಹತ್ತೊಂಬತ್ತನೇ ವಯಸ್ಸಿಗೇ ಮುಗಿಸಿ ಹೊರಗೆ ಬಂದಿದ್ದರು. ಅಂದ್ರೆ ನಮ್ಮಲ್ಲಿ ಸೆಕೆಂಡ್ ಇಯರ್‌ನವರ ವಯಸ್ಸು! ತಲೆ ತುಂಬ ಐಡಿಯಾ, ಕೈಯಲ್ಲಿ ದುಡ್ಡಿಲ್ಲ. ಮ್ಯಾನ್‌ಹೈಮ್‌ನಲ್ಲಿ ಪಾಲುದಾರರೊಬ್ಬರ ಜೊತೆ ಸೇರಿ ವರ್ಕ್‌ಶಾಪ್ ತೆರೆದರು. ಆ ಪಾಲುದಾರಿಕೆ ಕೆಟ್ಟಾಗ ವರ್ಕ್‌ಶಾಪೇ ಕೈಬಿಟ್ಟು ಹೋಗೋ ಸ್ಥಿತಿ ಬಂತು. ಆಗ ಬರ್ತಾ ಮದುವೆಗೆ ಅಂತ ಇಟ್ಟಿದ್ದ ತಮ್ಮ ಹಣದ ಒಂದು ಭಾಗವನ್ನ ಮದುವೆಗೆ ಮೊದಲೇ ಕೊಡಿಸಿಕೊಂಡು ವರ್ಕ್‌ಶಾಪಿಗೆ ಹಾಕಿದರು. ಪಾಲುದಾರರಿಗೆ ಹಣ ಕೊಟ್ಟು ಕಳಿಸಿದ್ದೂ ಆಯ್ತು. 1872ರ ಜುಲೈ 20ರಂದು ಇಬ್ಬರ ಮದುವೆ ಆಯ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ಆ ಸ್ಟಾರ್ಟಪ್‌ನ ಮೊದಲ ಇನ್ವೆಸ್ಟರ್ ಮದುಮಗಳೇ!

ಮುಂದಿನ ವರ್ಷಗಳು ಸುಲಭದವಲ್ಲ. ಮನೆಯಲ್ಲಿ ಮಕ್ಕಳು, ತಲೆ ಮೇಲೆ ಸಾಲ. ಕಾರ್ಲ್ ಒಂದು ಟೂ ಸ್ಟ್ರೋಕ್ ಎಂಜಿನ್ ಹಿಂದೆ ಬಿದ್ದಿದ್ದರು, ಅದು ಸ್ಟಾರ್ಟ್ ಆಗ್ತಾನೇ ಇರಲಿಲ್ಲ. 1879ರ ಕೊನೇ ದಿನ ರಾತ್ರಿ ಊಟ ಆದ ಮೇಲೆ, ಇನ್ನೊಂದು ಸಲ ಪ್ರಯತ್ನ ಮಾಡೋಣ ಬನ್ನಿ ಅಂತ ಗಂಡನನ್ನ ವರ್ಕ್‌ಶಾಪಿಗೆ ಕರ್ಕೊಂಡು ಹೋದವರು ಬರ್ತಾ. ಆ ರಾತ್ರಿ ಎಂಜಿನ್ ಓಡಿತು. 1883ರಲ್ಲಿ ಹೊಸ ಪಾಲುದಾರರ ಜೊತೆ ಬೆಂಜ್ ಕಂಪನಿ ಶುರುವಾಯ್ತು. 1886ರ ಜನವರಿ 29ರಂದು ಕಾರ್ಲ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ನಂಬರ್ 37435. ಪೇಟೆಂಟ್ ಇದ್ದದ್ದು ಬೆಂಜ್ ಕಂಪನಿಯ ಹೆಸರಲ್ಲಿ, ಬರ್ತಾ ಹೆಸರು ಅದರಲ್ಲಿ ಇರಲಿಲ್ಲ.

ಗಾಡಿಯೇನೋ ತಯಾರಾಯ್ತು, ಆದರೆ ಕೊಳ್ಳೋರು ಬೇಕಲ್ಲ! ಕುದುರೆ ಇಲ್ಲದೆ ಸದ್ದು ಮಾಡ್ತಾ ಬರೋ ಗಾಡಿ ಕಂಡ್ರೆ ಜನಕ್ಕೆ ಒಂದೋ ಭಯ, ಇಲ್ಲಾಂದ್ರೆ ನಗು. ಕಾರ್ಲ್ ಅದನ್ನ ಊರ ಸುತ್ತಮುತ್ತ ಸಣ್ಣ ದೂರಗಳಿಗೆ ಓಡಿಸಿ ನೋಡ್ತಿದ್ರು, ವಾಪಸ್ ಬಂದು ಮತ್ತೆ ಏನಾದ್ರೂ ಸರಿ ಮಾಡ್ತಿದ್ರು. ಗಾಡಿ ದೂರದ ಊರಿಗೆ ಹೋಗುತ್ತೆ ಅಂತ ಯಾರಾದ್ರೂ ತೋರಿಸಬೇಕಿತ್ತು. 1888ರ ಆಗಸ್ಟ್‌ನ ಒಂದು ಬೆಳಗಿನ ಜಾವ ಬರ್ತಾ ಗಂಡನಿಗೆ ತಿಳಿಸದೆ, ದೊಡ್ಡ ಮಕ್ಕಳಾದ ಒಯ್ಗೆನ್ ಮತ್ತು ರಿಚರ್ಡ್ ಜೊತೆ ಸೇರಿ ಗಾಡಿಯನ್ನ ಹೊರಗೆ ತೆಗೆದರು. ಹೊರಟಿದ್ದು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ತವರಿಗೆ.

ಇಲ್ಲಿಂದ ಮುಂದಿನದ್ದನ್ನ ಎಲ್ಲರೂ ಸಾಹಸದ ಕಥೆಯ ಹಾಗೆ ಹೇಳ್ತಾರೆ. ನಾವು ಅದನ್ನ ಲ್ಯಾಬ್ ರೆಕಾರ್ಡ್ ಥರ ಓದಿ ನೋಡೋಣ.

ಮೊದಲ ಸಮಸ್ಯೆ ಇಂಧನ. ಆ ಗಾಡಿಗೆ ಪ್ರತ್ಯೇಕ ಟ್ಯಾಂಕ್ ಇರಲಿಲ್ಲ, ಕಾರ್ಬುರೇಟರ್‌ನಲ್ಲೇ ಸುಮಾರು ನಾಲ್ಕೂವರೆ ಲೀಟರ್ ಹಿಡೀತಿತ್ತು. ಎರಡು ಲೀಟರ್‌ನ ಎರಡು ನೀರಿನ ಬಾಟಲ್ ತುಂಬಿ ಸ್ವಲ್ಪ ಮಿಕ್ಕೋವಷ್ಟು, ಅಷ್ಟೇ. ಇಂಧನದ ಹೆಸರು ಲಿಗ್ರೋಯಿನ್, ಬೇಗ ಆವಿಯಾಗೋ ಹಗುರವಾದ ಪೆಟ್ರೋಲಿಯಂ ದ್ರವ. ಜನ ಅದನ್ನ ಬಟ್ಟೆಯ ಕಲೆ ತೆಗೆಯೋಕೆ ಔಷಧಿ ಅಂಗಡಿಯಿಂದ ಸಣ್ಣ ಸೀಸೆಯಲ್ಲಿ ತರ್ತಿದ್ರು. ಹಾಗಾಗಿ ವೀಸ್‌ಲೋಹ್ ಎಂಬ ಊರಲ್ಲಿ ಬರ್ತಾ ಗಾಡಿ ನಿಲ್ಲಿಸಿದ್ದು ಔಷಧಿ ಅಂಗಡಿ ಮುಂದೆ. ಇವತ್ತಿಗೂ ಆ ಊರಿನವರು ಅದನ್ನ ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಅಂತ ಹೆಮ್ಮೆಯಿಂದ ಕರೀತಾರೆ. ಬರ್ತಾ ಅವರ ಲೆಕ್ಕಾಚಾರ ಗಮನಿಸಿ. ಖಾಲಿ ಆದ ಮೇಲೆ ಹುಡುಕೋದಲ್ಲ. ಇಂಧನ ಎಲ್ಲಿ ಸಿಗಬಹುದು, ಅಲ್ಲಿವರೆಗೆ ಇರೋದು ಸಾಕಾಗುತ್ತಾ ಅಂತ ಮೊದಲೇ ಯೋಚನೆ ಮಾಡಬೇಕು. ಗೇಜ್ ಇದ್ದದ್ದು ಅವರ ತಲೆಯಲ್ಲಿ.

ಅದೇ ಕೆಲಸವನ್ನ ಈಗ ನಮ್ಮ ಕಾರು ಹೇಗೆ ಮಾಡುತ್ತೆ? ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲ್ತಾ ಇರುತ್ತೆ. ಅದಕ್ಕೆ ಒಂದು ತೋಳು, ತೋಳಿನ ತುದಿಗೆ ಬದಲಾಗುವ ರೆಸಿಸ್ಟರ್. ಪೆಟ್ರೋಲ್ ಇಳಿದ ಹಾಗೆ ಫ್ಲೋಟ್ ಇಳಿಯುತ್ತೆ, ರೆಸಿಸ್ಟೆನ್ಸ್ ಬದಲಾಗುತ್ತೆ, ಮುಳ್ಳು ಅಲ್ಲಾಡುತ್ತೆ. ಫಸ್ಟ್ ಇಯರ್‌ನ ಬೇಸಿಕ್ ಎಲೆಕ್ಟ್ರಿಕಲ್ ಸಾಕು ಇದನ್ನ ಅರ್ಥ ಮಾಡ್ಕೊಳ್ಳೋಕೆ. ಇಳಿಜಾರಿನಲ್ಲಿ, ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿಯೋದ್ರಿಂದ, ಮುಳ್ಳು ಕುಣಿಯದ ಹಾಗೆ ಬೇಕಂತಲೇ ನಿಧಾನ ಮಾಡಿರ್ತಾರೆ. ಟ್ಯಾಂಕಿನ ಆಕಾರವೂ ಚೌಕಾಕಾರದ ಡಬ್ಬದ ಹಾಗೆ ಇರಲ್ಲ. ಅದಕ್ಕೇ ಮುಳ್ಳು ಅರ್ಧ ತೋರಿಸಿದಾಗ ಸರಿಯಾಗಿ ಅರ್ಧ ಟ್ಯಾಂಕೇ ಇದೆ ಅಂತ ನಂಬೋಕಾಗಲ್ಲ. ಗೇಜ್ ಹೇಳೋದು ಒಂದು ಅಂದಾಜು.

ಇನ್ನು, ರಿಸರ್ವ್‌ನಲ್ಲೇ ದಿನಗಟ್ಟಲೆ ಓಡಿಸೋದು ಒಳ್ಳೇದಲ್ಲ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಫ್ಯೂಯೆಲ್ ಪಂಪ್ ಟ್ಯಾಂಕಿನೊಳಗೇ ಮುಳುಗಿರುತ್ತೆ, ಅದನ್ನ ತಣ್ಣಗೆ ಇಡೋದೂ ಪೆಟ್ರೋಲೇ. ಬಂಕಿನಲ್ಲಿ ನಾಜಲ್ ಟಕ್ ಅಂತ ನಿಂತ ಮೇಲೆ ಇನ್ನೂ ಸ್ವಲ್ಪ ಹಾಕಿ ಅನ್ನೋದೂ ಬೇಡ. ಹೆಚ್ಚಾದ ಪೆಟ್ರೋಲ್ ಆವಿ ಹಿಡಿಯೋ ಭಾಗಕ್ಕೆ ನುಗ್ಗಿ ಅದನ್ನ ಹಾಳು ಮಾಡಬಹುದು. ನಿಜವಾದ ಮೈಲೇಜ್ ಬೇಕಂದ್ರೆ ಟ್ಯಾಂಕ್ ಫುಲ್ ಮಾಡಿ, ಕಿಲೋಮೀಟರ್ ಬರೆದಿಟ್ಟು, ಓಡಿಸಿ, ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನ ಎರಡನೇ ಸಲ ಹಾಕಿಸಿದ ಲೀಟರ್‌ನಿಂದ ಭಾಗಿಸಿದ್ರೆ ಉತ್ತರ ಸಿಕ್ತು.

ಮತ್ತೆ ಬರ್ತಾ ಅವರ ದಾರಿಗೆ ಬರೋಣ. ಎರಡನೇ ಸಮಸ್ಯೆ ನೀರು. ಎಂಜಿನ್ ತಣ್ಣಗಿರಬೇಕಾದ್ರೆ ನೀರು ಕುದಿದು ಆವಿಯಾಗಿ ಹೋಗ್ತಿತ್ತು, ಅದನ್ನ ಉಳಿಸಿ ಮತ್ತೆ ಬಳಸೋಕೆ ಇವತ್ತಿನ ಹಾಗೆ ರೇಡಿಯೇಟರ್ ಇರಲಿಲ್ಲ. ಹಾಗಾಗಿ ದಾರಿಯುದ್ದಕ್ಕೂ ಬಾವಿ, ಹಳ್ಳ, ಹೋಟೆಲ್ ಕಂಡಲ್ಲೆಲ್ಲ ನೀರು ತುಂಬಿಸ್ತಾ ಹೋಗಬೇಕಾಯ್ತು. ಮೂರನೇದು, ಇಂಧನದ ಕೊಳವೆ ಕಟ್ಟಿಕೊಂಡಿತು. ಬರ್ತಾ ಟೋಪಿಯ ಪಿನ್ ತೆಗೆದು ಅದನ್ನ ಬಿಡಿಸಿದರು. ಇಗ್ನಿಷನ್ ವೈರ್‌ನ ಇನ್ಸುಲೇಷನ್ ಹೋದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದರಂತೆ. ಚೈನ್ ಕೈಕೊಟ್ಟಾಗ ಕಮ್ಮಾರರ ಹತ್ತಿರ ಸರಿ ಮಾಡಿಸಿದರು. ಇಳಿಜಾರಿನಲ್ಲಿ ಮರದ ಬ್ರೇಕ್ ಸವೆದು ಹೋದಾಗ ಚಮ್ಮಾರರಿಂದ ಅದಕ್ಕೆ ಚರ್ಮ ಹೊಡೆಸಿದರು. ಇವತ್ತಿನ ಬ್ರೇಕ್ ಲೈನಿಂಗ್‌ಗೆ ಅದೇ ಮೂಲ ಅಂತಾರೆ.

ನಾಲ್ಕನೇದು ಏರು. ಆ ಎಂಜಿನ್ನಿನ ಶಕ್ತಿ ಇವತ್ತಿನ ಸಾಮಾನ್ಯ ಸ್ಕೂಟರ್‌ಗಿಂತ ಎಷ್ಟೋ ಕಡಿಮೆ. ಕಡಿದಾದ ಏರಿನಲ್ಲಿ ಮಕ್ಕಳು ಇಳಿದು ತಳ್ಳಬೇಕಾಯ್ತು. ಏರಿನಲ್ಲಿ ಇಂಧನ ಎಷ್ಟು ಬೇಗ ಕರಗುತ್ತೆ, ಬ್ರೇಕ್ ಹಾಕಿದಷ್ಟೂ ಅದೇ ಇಂಧನದ ಶಕ್ತಿ ಹೇಗೆ ಬರೀ ಶಾಖವಾಗಿ ಹೋಗುತ್ತೆ ಅನ್ನೋದನ್ನ ಅವರಷ್ಟು ನೇರವಾಗಿ ಕಂಡವರು ಆಗ ಎಷ್ಟು ಜನ ಇದ್ದಿರಬಹುದು?

ಮೈಲೇಜ್ ಅಂದ್ರೆ ಇವತ್ತಿಗೂ ಅದೇ ಪಾಠ. ಮುಂದೆ ಸಿಗ್ನಲ್ ಕೆಂಪಾಗಿದ್ರೆ ಅಲ್ಲಿವರೆಗೆ ಜೋರಾಗಿ ಹೋಗಿ ಬ್ರೇಕ್ ಒತ್ತೋದಕ್ಕಿಂತ ಮೊದಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯೋದು ಲಾಭ. ಗೇರ್‌ನಲ್ಲೇ ಇದ್ದು ಕಾಲು ತೆಗೆದ್ರೆ ಈಗಿನ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್‌ಗಳು ಸಾಮಾನ್ಯವಾಗಿ ಇಂಧನವನ್ನೇ ನಿಲ್ಲಿಸ್ತವೆ. ಅದಕ್ಕೇ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕೋದ್ರಿಂದ ಉಳಿತಾಯವೂ ಇಲ್ಲ, ಅಪಾಯ ಬೇರೆ. ಟೈರ್‌ಗಳಲ್ಲಿ ಗಾಳಿ ಸರಿ ಇರಲಿ, ಬೇಡದ ಲಗೇಜ್ ಇಳಿಸಿ. ಹೈವೇಯಲ್ಲಿ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, 80ರಿಂದ 110ಕ್ಕೆ ಹೋದ್ರೆ ಅದು ಹತ್ತಿರ ಹತ್ತಿರ ಎರಡರಷ್ಟಾಗುತ್ತೆ. ಸಮಯ ಉಳೀತು ಅಂತ ಅನ್ಕೊಂಡಿದ್ದಕ್ಕೆ ಬಂಕಿನಲ್ಲಿ ಬಿಲ್ ಕಟ್ತೀವಿ.

ಸಂಜೆ ಕತ್ತಲಾಗೋ ಹೊತ್ತಿಗೆ ಮೂವರೂ ಫೋರ್ಟ್ಸ್‌ಹೈಮ್ ತಲುಪಿದರು. ಬರ್ತಾ ಗಂಡನಿಗೆ ಟೆಲಿಗ್ರಾಂ ಕಳಿಸಿದರು. ಕೆಲವು ದಿನ ಇದ್ದು ಅದೇ ಗಾಡಿಯಲ್ಲಿ ವಾಪಸ್ ಬಂದರು. ಬರೀ ಅನುಭವ ಹೊತ್ತು ಬರಲಿಲ್ಲ, ಒಂದು ಪಟ್ಟಿಯನ್ನೂ ತಂದರು. ಏರಿಗೆ ಇನ್ನೊಂದು ಗೇರ್ ಬೇಕು, ಬ್ರೇಕ್ ಗಟ್ಟಿಯಾಗಬೇಕು. ಕಾರ್ಲ್ ಅದನ್ನ ಗಾಡಿಗೆ ಅಳವಡಿಸಿದರು. ಅದೇ ವರ್ಷ ಮ್ಯೂನಿಕ್‌ನ ಯಂತ್ರಗಳ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು. 1899ರಲ್ಲಿ ಕಂಪನಿ ಒಂದೇ ವರ್ಷಕ್ಕೆ 572 ವಾಹನ ತಯಾರಿಸಿ ಪ್ರಪಂಚದಲ್ಲೇ ದೊಡ್ಡ ಕಾರು ಕಂಪನಿ ಅನ್ನಿಸಿಕೊಂಡಿತ್ತು.

ಯೋಚನೆ ಮಾಡಿ. ಪ್ರೋಟೋಟೈಪನ್ನ ನಿಜವಾದ ರಸ್ತೆಗೆ ಇಳಿಸಿ, ಎಲ್ಲಿ ಎಲ್ಲಿ ಸೋಲುತ್ತೆ ಅಂತ ನೋಡಿ, ಅಲ್ಲೇ ರಿಪೇರಿ ಮಾಡಿ, ಡಿಸೈನ್ ಹೇಗೆ ಬದಲಾಗಬೇಕು ಅಂತ ಹೇಳೋರನ್ನ ಇವತ್ತು ಟೆಸ್ಟ್ ಇಂಜಿನಿಯರ್ ಅಂತೀವಿ, ಸಂಬಳ ಕೊಡ್ತೀವಿ. ಬರ್ತಾ ಅವರನ್ನ ಮಾತ್ರ ಬಹಳ ಕಾಲ ಧೈರ್ಯವಂತ ಹೆಂಡತಿ ಅಂತಲೇ ಕರೆದರು. ಧೈರ್ಯ ಇತ್ತು, ನಿಜ. ಆದರೆ ಧೈರ್ಯದಿಂದ ಕೊಳವೆ ಕ್ಲೀನ್ ಆಗಲ್ಲ. ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿದ್ರೆ ಮಾತ್ರ ಆಗುತ್ತೆ.

ಮುಂದೆ ಕುಟುಂಬ ಲಾಡೆನ್‌ಬುರ್ಗ್ ಎಂಬ ಊರಿಗೆ ಹೋಗಿ ನೆಲೆಸಿತು. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪನಿಗಳು ಒಂದಾದವು. 1929ರ ಏಪ್ರಿಲ್‌ನಲ್ಲಿ ಕಾರ್ಲ್ ತೀರಿಕೊಂಡರು. ಬರ್ತಾ ಇನ್ನೂ ಹದಿನೈದು ವರ್ಷ ಬದುಕಿದ್ದರು.

1944ರ ಮೇ 3, ಅವರ 95ನೇ ಹುಟ್ಟುಹಬ್ಬ. ಗಂಡ ಓದಿದ್ದ ಅದೇ ಕಾರ್ಲ್ಸ್‌ರೂಹೆಯ ಕಾಲೇಜು, ಆ ಹೊತ್ತಿಗೆ ತಾಂತ್ರಿಕ ವಿಶ್ವವಿದ್ಯಾಲಯ, ಅವತ್ತು ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಹುಡುಗಿಯಾಗಿದ್ದಾಗ ಅವರಿಗೆ ಸೀಟೇ ಸಿಗ್ತಿರಲಿಲ್ಲ ಅಲ್ಲಿ. ಎರಡು ದಿನ ಆದ ಮೇಲೆ, ಮೇ 5ರಂದು, ಬರ್ತಾ ಲಾಡೆನ್‌ಬುರ್ಗ್‌ನ ಮನೆಯಲ್ಲಿ ಕಣ್ಣುಮುಚ್ಚಿದರು.

2008ರಲ್ಲಿ ಅವರು ಹೋದ ದಾರಿಗೆ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಅಂತ ಅಧಿಕೃತವಾಗಿ ಹೆಸರಿಟ್ಟರು. ಈಗ ಯಾರು ಬೇಕಾದ್ರೂ ಆ ದಾರಿಯಲ್ಲಿ ಕಾರು ಓಡಿಸಬಹುದು, ಔಷಧಿ ಅಂಗಡಿ ಹುಡುಕೋ ಕಷ್ಟ ಇಲ್ಲ. ನಮ್ಮ ಕ್ಲಾಸಿನಲ್ಲಿ ಪ್ರಾಜೆಕ್ಟ್ ಮಾಡುವಾಗಲೂ ಒಬ್ಬರು ಡಿಸೈನ್ ಮಾಡ್ತಾರೆ, ಇನ್ನೊಬ್ಬರು ಕೂತು ಟೆಸ್ಟ್ ಮಾಡ್ತಾರೆ. ರಿಪೋರ್ಟಿನ ಮೊದಲ ಪುಟದಲ್ಲಿ ಎರಡನೆಯವರ ಹೆಸರೂ ಇದೆಯಾ ಅಂತ ಸಬ್ಮಿಟ್ ಮಾಡೋಕೆ ಮೊದಲು ಒಂದ್ಸಲ ನೋಡ್ಕೊಳ್ಳಿ.